ಕಾಲು ಊರುವಂತಿಲ್ಲ, ತೂಕ ಇಳಿಸಲೇಬೇಕು: ಮೂಳೆ ಮುರಿದ ದಿನಗಳಲ್ಲಿ ಏನು ಸಾಧ್ಯ?

ಗದಗಿನ ಮಾಸ್ತರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 46. ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ವಾರವೇ, ಮಳೆಗೆ ಕೆಸರಾಗಿದ್ದ ತಿರುವಿನಲ್ಲಿ ಬೈಕ್ ಜಾರಿ ಬಿದ್ದೆ. ಬಲಗಾಲಿನಲ್ಲಿ ಮೊಣಕಾಲಿನ ಕೀಲಿಗೆ ಸೇರಿದಂತೆ, ವೈದ್ಯರು ಟಿಬಿಯಲ್ ಪ್ಲೇಟೋ ಎಂದು ಕರೆಯುವ ಜಾಗದಲ್ಲಿ ಮೂಳೆ ಒಡೆದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದಾರೆ. 12 ವಾರಗಳವರೆಗೆ ಆ ಕಾಲಿನ ಮೇಲೆ ಸ್ವಲ್ಪವೂ ಭಾರ ಬೀಳಬಾರದು ಎಂದು ಹೇಳಿದ್ದಾರೆ. ಈಗ ಒಂಬತ್ತನೆಯ ವಾರ ನಡೆಯುತ್ತಿದೆ.

ಕಳೆದ ವಾರ ತಪಾಸಣೆಗೆ ಹೋದಾಗ ವೈದ್ಯರು ಎಕ್ಸ್‌ರೇ ನೋಡಿ, ಮೂಳೆ ಸರಿಯಾಗಿ ಕೂಡುತ್ತಿದೆ ಎಂದರು. ಅದರ ಜೊತೆಗೇ, ತೂಕ ಇಳಿಸದಿದ್ದರೆ ಮುಂದೆ ಈ ಮೊಣಕಾಲು ಬೇಗ ಸವೆಯುತ್ತದೆ ಎಂದೂ ಎಚ್ಚರಿಸಿದರು. ಬೀಳುವ ಮೊದಲು ನನ್ನ ತೂಕ 84 ಕೆಜಿ ಇತ್ತು, ಎತ್ತರ 165 ಸೆಂಟಿಮೀಟರ್. ಈಗ ಎಷ್ಟಿದೆ ಎಂದು ತಿಳಿಯುವುದೇ ಒಂದು ಸಮಸ್ಯೆಯಾಯಿತು, ಏಕೆಂದರೆ ತೂಕದ ಯಂತ್ರದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು ಅಪಾಯ. ಕೊನೆಗೆ ನನ್ನ ತಮ್ಮ ಪರಿಚಯದವರ ಕಾಳಿನ ಅಂಗಡಿಗೆ ಕರೆದೊಯ್ದ. ಅಲ್ಲಿ ಚೀಲ ತೂಗುವ ಕಾಟಾದ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಇಬ್ಬರು ಹಿಡಿದು ನನ್ನನ್ನು ಅದರ ಮೇಲೆ ಕೂರಿಸಿದರು. ಕುರ್ಚಿಯ ಎರಡೂವರೆ ಕೆಜಿ ಕಳೆದರೆ 89 ಉಳಿಯಿತು. ಜೋಳದ ಚೀಲಗಳ ನಡುವೆ ಕುಳಿತು ಆ ಕೆಂಪು ಅಂಕಿಯನ್ನು ನೋಡಿದಾಗ ನನಗಾದ ಸಂಕಟವನ್ನು ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ.

ನಡೆಯಲು ಬರುವುದಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಸೂರ್ಯನಮಸ್ಕಾರದ ಮಾತೇ ಇಲ್ಲ. ಮನೆಗೆ ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಮೂಳೆ ಗಟ್ಟಿಯಾಗಲಿ ಎಂದು ನಮ್ಮ ಅವ್ವ ತಿಂಗಳಿನಿಂದ ಅಂಟಿನುಂಡಿ ಕಟ್ಟಿ ಕೊಡುತ್ತಿದ್ದಾಳೆ. ಮುಂದೆ ಪಂಚಮಿ ಹಬ್ಬ, ನಮ್ಮ ಕಡೆ ಅದು ಉಂಡಿಗಳದೇ ಹಬ್ಬ. ಇಂಥ ಸ್ಥಿತಿಯಲ್ಲಿ ತೂಕ ಇಳಿಸಿದವರು ಯಾರಾದರೂ ಇದ್ದೀರಾ? ಊಟ ಬಿಟ್ಟರೆ ಮೂಳೆ ಕೂಡುವುದು ನಿಧಾನವಾಗುತ್ತದೆಯೇ? ದಯವಿಟ್ಟು ತಿಳಿದವರು ವಿವರವಾಗಿ ಬರೆಯಿರಿ.

ರಾಜಾಜಿನಗರ ನಿವಾಸಿ

ಮಾಸ್ತರೇ, ಬೇಗ ಗುಣಮುಖರಾಗಿ. ನನಗೆ ಎರಡು ವರ್ಷದ ಹಿಂದೆ ಬೆನ್ನುಮೂಳೆಯ ಡಿಸ್ಕ್ ಜಾರಿ ಒಂದೂವರೆ ತಿಂಗಳು ಹಾಸಿಗೆಯಲ್ಲೇ ಇದ್ದೆ. ಆಗ ನಾನು ಬೆಳಿಗ್ಗೆ ಮತ್ತು ರಾತ್ರಿ ತರಕಾರಿ ಜ್ಯೂಸ್, ಮಧ್ಯಾಹ್ನ ಮಾತ್ರ ಒಂದು ಬಟ್ಟಲು ಅನ್ನ ಎಂದು ನಿಯಮ ಮಾಡಿಕೊಂಡು ಒಂದೇ ತಿಂಗಳಲ್ಲಿ ಆರು ಕೆಜಿ ಇಳಿಸಿದೆ. ಓಡಾಟ ಇಲ್ಲದವನಿಗೆ ಊಟವೂ ಬೇಕಿಲ್ಲ ಎಂಬುದು ನನ್ನ ಅನುಭವ. ಮನಸ್ಸು ಗಟ್ಟಿ ಮಾಡಿದರೆ ನಿಮಗೂ ಆಗುತ್ತದೆ.

ಫಿಸಿಯೋಥೆರಪಿಸ್ಟ್, ಮೈಸೂರು

ಮಾಸ್ತರೇ, ನಿಮ್ಮ ಪ್ರಶ್ನೆಗೆ ಬರುವ ಮೊದಲು ಮೇಲಿನ ಸಲಹೆಯ ಬಗ್ಗೆ ಗೌರವದಿಂದಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ, ಏಕೆಂದರೆ ಹಾಸಿಗೆ ಹಿಡಿದವರು ಅದನ್ನು ಓದಿ ಅನುಸರಿಸಿದರೆ ತೊಂದರೆಗೆ ಸಿಲುಕುತ್ತಾರೆ.

ಓಡಾಟವಿಲ್ಲದ ದೇಹಕ್ಕೆ ಊಟ ಬೇಡ ಎಂಬುದು ತಪ್ಪು ತಿಳಿವಳಿಕೆ. ಒಡೆದ ಮೂಳೆ ಕೂಡುವಾಗ, ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ದೇಹ ಒಳಗೊಳಗೇ ದೊಡ್ಡ ಕೆಲಸ ಮಾಡುತ್ತಿರುತ್ತದೆ, ಆ ಕೆಲಸಕ್ಕೆ ಪ್ರೋಟೀನು, ಕ್ಯಾಲ್ಸಿಯಂ, ಶಕ್ತಿ ಎಲ್ಲವೂ ಬೇಕು. ಒಂದು ಕಾಲನ್ನು ಎತ್ತಿಕೊಂಡು ಊರುಗೋಲಿನ ಮೇಲೆ ಹತ್ತು ಹೆಜ್ಜೆ ಹೋಗುವುದಕ್ಕೆ ಸಾಮಾನ್ಯ ನಡಿಗೆಗಿಂತ ಬಹಳ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂಬುದನ್ನೂ ಮರೆಯಬಾರದು. ಬಚ್ಚಲಿಗೆ ಹೋಗಿ ಬಂದರೆ ನಿಮಗೆ ಏದುಸಿರು ಬರುವುದು ಅದಕ್ಕಾಗಿಯೇ.

ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ಬಳಸದ ಕಾಲಿನ ತೊಡೆಯ ಸ್ನಾಯು ಎರಡೇ ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಮಾಸ್ತರೇ, ನಿಮ್ಮ ಎರಡೂ ತೊಡೆಗಳನ್ನು ಮೊಣಚಿಪ್ಪಿನಿಂದ ಒಂದು ಗೇಣು ಮೇಲೆ ಟೇಪಿನಿಂದ ಅಳೆದು ನೋಡಿ, ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಇಂಥ ಸಮಯದಲ್ಲಿ ಜ್ಯೂಸ್ ಕುಡಿದುಕೊಂಡು ಉಪವಾಸ ಮಾಡಿದರೆ ಮೊದಲು ಇಳಿಯುವುದು ನೀರು, ಅದರ ಜೊತೆಗೆ ಕೊಬ್ಬಷ್ಟೇ ಅಲ್ಲ, ಸ್ನಾಯುವೂ ಕರಗುತ್ತದೆ. ಕಾಟಾದ ಮೇಲೆ ಅಂಕಿ ಚೆನ್ನಾಗಿ ಕಂಡರೂ, ನಾಳೆ ಕಾಲೂರಿ ನಿಲ್ಲುವ ದಿನ ಬಂದಾಗ ಮೊಣಕಾಲನ್ನು ಹಿಡಿದು ನಿಲ್ಲಿಸುವ ಸ್ನಾಯುವೇ ಇರುವುದಿಲ್ಲ.

ಹಾಗಾಗಿ ಮೂಳೆ ಕೂಡುವವರೆಗೆ ನಿಮ್ಮ ಗುರಿ ಮೂರು: ಇನ್ನು ತೂಕ ಏರದಂತೆ ನೋಡಿಕೊಳ್ಳುವುದು, ಇರುವ ಸ್ನಾಯುವನ್ನು ಉಳಿಸಿಕೊಳ್ಳುವುದು, ಇವೆರಡರ ಜೊತೆಗೆ ಸಾಧ್ಯವಾದರೆ ನಿಧಾನವಾಗಿ ಇಳಿಸುವುದು. ತೂಕ ಇಳಿಸುವುದಕ್ಕೆ ಮೂರನೆಯ ಸ್ಥಾನ ಕೊಟ್ಟೆನೆಂದು ಬೇಸರಪಡಬೇಡಿ. ಅದರ ಲಾಭ ದೊಡ್ಡದೇ. ಮೊಣಕಾಲು ಸವೆದಿದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಹದ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತದೆ ಎಂದು ಕಂಡುಬಂದಿತ್ತು. ನೀವು ಗಣಿತದವರು, ಐದು ಕೆಜಿಗೆ ಎಷ್ಟಾಯಿತು ಎಂದು ನಾನು ಹೇಳಬೇಕಿಲ್ಲ.

ವ್ಯಾಯಾಮಗಳ ಬಗ್ಗೆ ಸಂಜೆ ಬಿಡುವಾದಾಗ ಬರೆಯುತ್ತೇನೆ.

ತುಮಕೂರಿನ ಗೃಹಿಣಿ

ಅಣ್ಣಾ, ನಿಮ್ಮ ಬರಹ ಓದಿ ನನ್ನದೇ ಕಥೆ ಓದಿದಂತಾಯಿತು. ಮೂರು ವರ್ಷದ ಹಿಂದೆ ಮನೆಯ ಹಿತ್ತಲಿನಲ್ಲಿ ಪಾಚಿಯ ಮೇಲೆ ಕಾಲಿಟ್ಟು ಜಾರಿ ಎಡಗಾಲಿನ ಪಾದದ ಗಂಟು ಎರಡು ಕಡೆ ಮುರಿದಿತ್ತು. ಎರಡು ತಿಂಗಳಿನಲ್ಲಿ ನಾಲ್ಕು ಕೆಜಿ ಏರಿದೆ.

ನಾನು ಹೇಗೆ ದಪ್ಪಗಾದೆ ಎಂದು ಕುಳಿತು ಯೋಚಿಸಿದಾಗ, ಊಟದ ಹೊತ್ತಿನ ಊಟದಿಂದ ಅಲ್ಲ ಎಂದು ತಿಳಿಯಿತು. ನೋವಿನಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹನ್ನೊಂದು ಗಂಟೆಗೆ ಮಂಚದ ಪಕ್ಕದ ಡಬ್ಬಿಯಿಂದ ನಿಪ್ಪಟ್ಟು, ಕೋಡುಬಳೆ ತಿನ್ನುತ್ತಿದ್ದೆ. ಹಸಿವಿರಲಿಲ್ಲ. ಇಡೀ ಮನೆ ಮಲಗಿರುವಾಗ ನಾನೊಬ್ಬಳೇ ಎಚ್ಚರವಿರುವ ಬೇಸರ, ಮನೆಯವರಿಗೆಲ್ಲ ಭಾರವಾದೆನಲ್ಲ ಎಂಬ ಸಂಕಟ, ಅಷ್ಟೇ. ಹಗಲಿನಲ್ಲಿ ಅಡುಗೆಮನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಸೊಪ್ಪು ಸೋಸುವಾಗ ಎದುರಿಗೆ ಕಂಡದ್ದೆಲ್ಲ ಬಾಯಿಗೆ ಹೋಗುತ್ತಿತ್ತು.

ನಮ್ಮ ಅತ್ತೆಯವರಿಗೆ ನಾನು ಇದನ್ನು ಬಾಯಿಬಿಟ್ಟು ಹೇಳಿದೆ. ಅವರು ಒಂದು ಮಾತೂ ಆಡದೆ ಆ ಡಬ್ಬಿಗಳನ್ನು ಅಟ್ಟದ ಮೇಲೆ ಇಟ್ಟರು, ಮಂಚದ ಪಕ್ಕ ಒಂದು ತಂಬಿಗೆ ನೀರು ಮತ್ತು ಸೀಬೆಹಣ್ಣು ಇಡಲು ಆರಂಭಿಸಿದರು. ಎರಡು ಮುದ್ದೆಯ ಬದಲು ಒಂದು ಮುದ್ದೆ, ಅದರ ಜೊತೆಗೆ ಮೊದಲಿಗಿಂತ ಎರಡರಷ್ಟು ಹುರುಳಿಕಾಳಿನ ಬಸ್ಸಾರಿನ ಪಲ್ಯ. ಮಕ್ಕಳ ತಟ್ಟೆಯಲ್ಲಿ ಉಳಿದ ಅನ್ನವನ್ನು ಎಸೆಯಲು ಮನಸ್ಸಾಗದೆ ನಾನೇ ತಿನ್ನುವ ಅಭ್ಯಾಸವಿತ್ತು, ಅದನ್ನು ಬಿಟ್ಟು ಅವರಿಗೆ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕುವುದನ್ನು ರೂಢಿ ಮಾಡಿಕೊಂಡೆ. ಒಂಬತ್ತು ತಿಂಗಳಿನಲ್ಲಿ ಏಳು ಕೆಜಿ ಇಳಿಯಿತು. ಅದರಲ್ಲಿ ಮೊದಲ ಎರಡು ಕೆಜಿ ಇಳಿಯುವಾಗ ನಾನಿನ್ನೂ ವಾಕರ್ ಹಿಡಿದೇ ಓಡಾಡುತ್ತಿದ್ದೆ.

ಅಮ್ಮನ ಅಂಟಿನುಂಡಿಯ ವಿಚಾರದಲ್ಲಿ ಜಗಳ ಮಾಡಿಕೊಳ್ಳಬೇಡಿ ಅಣ್ಣಾ. ಮಗ ಬಿದ್ದು ಮಲಗಿರುವಾಗ ಆ ತಾಯಿಗೆ ಕೈಲಾಗುವುದು ಅದೊಂದೇ. ಬೇರೆ ಏನನ್ನಾದರೂ ಮಾಡಿಕೊಡು ಎಂದು ಕೇಳಿ, ಖಂಡಿತ ಮಾಡುತ್ತಾರೆ.

ಫಿಸಿಯೋಥೆರಪಿಸ್ಟ್, ಮೈಸೂರು

ತಂಗಿ ತುಮಕೂರಿನಿಂದ ಬರೆದದ್ದು ನಾನು ಬರೆಯಬೇಕೆಂದಿದ್ದಕ್ಕಿಂತ ಚೆನ್ನಾಗಿದೆ. ನೋವು ಮತ್ತು ನಿದ್ದೆಗೇಡಿನಿಂದ ಬರುವ ತಿನ್ನುವ ಚಪಲಕ್ಕೆ ಮದ್ದು ನೋವನ್ನು ಸರಿಯಾಗಿ ನಿಭಾಯಿಸುವುದೇ. ಮಾಸ್ತರೇ, ರಾತ್ರಿ ನೋವಿದ್ದರೆ ಸಹಿಸಿಕೊಂಡು ಮಲಗದೆ ವೈದ್ಯರಿಗೆ ಹೇಳಿ.

ಈಗ ವ್ಯಾಯಾಮದ ವಿಷಯ. ಇವನ್ನು ನಿಮ್ಮ ಶಸ್ತ್ರಚಿಕಿತ್ಸಕರಿಗೆ ಅಥವಾ ಸ್ಥಳೀಯ ಫಿಸಿಯೋ ಅವರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಆರಂಭಿಸಿ, ಏಕೆಂದರೆ ನಿಮ್ಮ ಎಕ್ಸ್‌ರೇ ಕಂಡವರು ಅವರು, ನಾನಲ್ಲ.

ಪೆಟ್ಟಾದ ಕಾಲಿಗೆ: ಟವೆಲನ್ನು ಸುರುಳಿ ಸುತ್ತಿ ಮೊಣಕಾಲಿನ ಕೆಳಗೆ ಇಟ್ಟು, ಟವೆಲನ್ನು ಹಾಸಿಗೆಗೆ ಒತ್ತುವಂತೆ ತೊಡೆಯನ್ನು ಬಿಗಿ ಮಾಡಿ, ಐದರಿಂದ ಹತ್ತು ಸೆಕೆಂಡು ಹಿಡಿದು ಬಿಡಿ. ಮೊಣಚಿಪ್ಪು ತೊಡೆಯ ಕಡೆಗೆ ಸರಿಯುವುದು ಕಾಣಬೇಕು, ಕಂಡರೆ ಸ್ನಾಯು ಎಚ್ಚರವಿದೆ ಎಂದು ಅರ್ಥ. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಗಂಟೆಗೊಮ್ಮೆ ಮಾಡಿ, ಇದು ಮೀನಖಂಡದಲ್ಲಿ ರಕ್ತ ನಿಲ್ಲದಂತೆ ನೋಡಿಕೊಳ್ಳುತ್ತದೆ. ಕಾಲನ್ನು ನೇರವಾಗಿ ಎತ್ತುವ ವ್ಯಾಯಾಮಕ್ಕೆ ಮಾತ್ರ ಪ್ರತ್ಯೇಕ ಅನುಮತಿ ಬೇಕು.

ಚೆನ್ನಾಗಿರುವ ಎಡಗಾಲನ್ನು ಮರೆಯಬೇಡಿ. ಒಂದು ಕಾಲಿಗೆ ಕ್ರಮವಾಗಿ ಬಲದ ವ್ಯಾಯಾಮ ಕೊಟ್ಟರೆ, ಕದಲದೆ ಇರುವ ಇನ್ನೊಂದು ಕಾಲಿನ ಶಕ್ತಿಯೂ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ. ಕೇಳುವವರಿಗೆ ನಂಬಿಕೆ ಬರುವುದಿಲ್ಲ, ಆದರೆ ಇದು ಮತ್ತೆ ಮತ್ತೆ ಪರೀಕ್ಷಿಸಿ ಕಂಡುಕೊಂಡ ಸಂಗತಿ. ಸ್ನಾಯುವಿಗೆ ಆಜ್ಞೆ ಕೊಡುವ ನರಮಂಡಲ ಎರಡೂ ಕಾಲುಗಳಿಗೆ ಒಂದೇ ತಾನೇ.

ವ್ಯಾಯಾಮದಿಂದ ಹೆಚ್ಚು ಶಕ್ತಿ ಖರ್ಚಾಗಲು ಉಸಿರು ಏರಬೇಕು, ಅದು ಕುಳಿತೂ ಆಗುತ್ತದೆ. ಗೋಡೆಗೆ ಒರಗಿಸಿದ, ಕೈಗಳಿಲ್ಲದ ಗಟ್ಟಿ ಕುರ್ಚಿಯ ಮೇಲೆ ಕುಳಿತು ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ದಿಂಬಿಟ್ಟು ಚಾಚಿಕೊಳ್ಳಿ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆಜಿ, ಎರಡು ಕೈಗೆ ಎರಡು ಬಾಟಲಿ ಸಾಕು. ತಲೆಯ ಮೇಲಕ್ಕೆ ಎತ್ತುವುದು, ಮಡಚುವುದು, ಎದೆಯ ಮುಂದೆ ಚಾಚುವುದು. ಆಮೇಲೆ ಬಾಟಲಿ ಬಿಟ್ಟು ಗಾಳಿಯಲ್ಲಿ ಮುಷ್ಟಿ ಬೀಸಿ: ಒಂದು ನಿಮಿಷ ಬೀಸಿ ಒಂದು ನಿಮಿಷ ವಿರಾಮ, ಹೀಗೆ ಹತ್ತು ಸುತ್ತು. ಆ ಹೊತ್ತಿನಲ್ಲಿ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಶ್ರಮ ಸರಿಯಾದ ಶ್ರಮ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರೆಲ್ಲರೂ ಓದಿಕೊಳ್ಳಲಿ. ಮೀನಖಂಡ ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯಾಗಿ, ನೋಯಲು ಆರಂಭಿಸಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅದರ ಜೊತೆಗೆ ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ.

ಆಹಾರ ತಜ್ಞೆ, ಮಂಗಳೂರು

ಮಾಸ್ತರೇ, ಊಟದ ಲೆಕ್ಕವನ್ನು ನಿಮ್ಮ ಕಡೆಯ ಊಟಕ್ಕೇ ಹೊಂದಿಸಿ ಹೇಳಲು ಪ್ರಯತ್ನಿಸುತ್ತೇನೆ. ನಾನು ಕುಚ್ಚಲಕ್ಕಿ ಊರಿನವಳು, ರೊಟ್ಟಿಯ ಗಾತ್ರದಲ್ಲಿ ತಪ್ಪಿದ್ದರೆ ತಿದ್ದಿ.

ಭಾರತೀಯರಿಗೆ ನಮ್ಮಲ್ಲಿ ಬಳಸುವ ಅಳತೆಯ ಪ್ರಕಾರ ದೇಹತೂಕ ಸೂಚ್ಯಂಕ (ಬಿಎಂಐ, ಅಂದರೆ ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದ್ದು 80 ಸೆಂಟಿಮೀಟರ್ ಮೀರಬಾರದು. ನಿಮ್ಮ ಎತ್ತರಕ್ಕೆ ಸೂಚ್ಯಂಕ 23 ಎಂದರೆ ಸುಮಾರು 62 ಕೆಜಿ. ಅಲ್ಲಿಗೆ ಈ ವರ್ಷವೇ ತಲುಪಬೇಕೆಂದು ನಾನು ಹೇಳುತ್ತಿಲ್ಲ. ಪ್ರೋಟೀನಿನ ಲೆಕ್ಕವನ್ನು 89ರ ಮೇಲೆ ಮಾಡದೆ ಈ 62ರ ಮೇಲೆ ಮಾಡಬೇಕು ಎಂದು ತೋರಿಸಲು ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಆರೋಗ್ಯವಂತ ವಯಸ್ಕರಿಗೆ ಕೆಜಿಗೆ 0.83 ಗ್ರಾಂ ಪ್ರೋಟೀನ್ ಎಂದು ಗೊತ್ತುಪಡಿಸಿದೆ. ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರಿಗೆ ನಾವು 1.2ರಿಂದ 1.5 ಗ್ರಾಂವರೆಗೆ ಕೊಡುತ್ತೇವೆ. ಅಂದರೆ ನಿಮಗೆ ದಿನಕ್ಕೆ 75ರಿಂದ 90 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಇದನ್ನು ತಾವಾಗಿಯೇ ಅನುಸರಿಸಬಾರದು, ವೈದ್ಯರನ್ನು ಕೇಳಬೇಕು.

ನೀವು ಸಸ್ಯಾಹಾರಿಗಳೆಂದು ಊಹಿಸಿದ್ದೇನೆ. ಇಡೀ ದಿನಕ್ಕೆ 200 ಗ್ರಾಂ ಜೋಳದ ಹಿಟ್ಟಿನ ನಾಲ್ಕು ಅಥವಾ ಐದು ರೊಟ್ಟಿ, ಬೇಯಿಸುವ ಮೊದಲು ತೂಗಿದ 100 ಗ್ರಾಂ ಹೆಸರುಕಾಳು, ಮಡಕಿಕಾಳು ಅಥವಾ ಬೇಳೆ, 300 ಗ್ರಾಂ ಮೊಸರು, ಒಂದು ದೊಡ್ಡ ಲೋಟ ಹಾಲು, 30 ಗ್ರಾಂ ಒಣ ಸೋಯಾ ಚಂಕ್ಸ್, ಒಂದು ಹಿಡಿ ಶೇಂಗಾ. ಇಷ್ಟರಲ್ಲಿ ಸುಮಾರು 80 ಗ್ರಾಂ ಪ್ರೋಟೀನ್ ಸಿಗುತ್ತದೆ. ಪುಂಡಿಪಲ್ಯ, ಮೆಂತ್ಯೆ, ಸೌತೆಕಾಯಿ, ಮೂಲಂಗಿ ಎಷ್ಟು ಬೇಕಾದರೂ ತಿನ್ನಿ. ಎಣ್ಣೆ ದಿನಕ್ಕೆ ನಾಲ್ಕು ಟೀ ಚಮಚ ಮೀರದಿರಲಿ. ಎಲ್ಲ ಸೇರಿ 1,800 ಕ್ಯಾಲೊರಿಯ ಆಸುಪಾಸು ಆಗುತ್ತದೆ, ಕುಳಿತೇ ಇರುವ ನಿಮಗೆ ಸುಮಾರು 2,000ಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ದಿನಕ್ಕೆ 250ರಷ್ಟು ಕೊರತೆ ಬಿದ್ದರೆ ತಿಂಗಳಿಗೆ 7,500. ಒಂದು ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ತಿಂಗಳಿಗೆ ಒಂದು ಕೆಜಿ, ಈ ಹಂತದಲ್ಲಿ ಅದಕ್ಕಿಂತ ಹೆಚ್ಚನ್ನು ಬಯಸಬೇಡಿ.

ಈಗ ಚಹಾದ ವಿಷಯ. ನೋಡಲು ಬಂದವರ ಜೊತೆಗೆಲ್ಲ ನೀವೂ ಒಂದು ಕಪ್ ಕುಡಿಯುತ್ತಿರಬೇಕು. ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲೊರಿ, ಆರು ಕಪ್ಪಿಗೆ 240. ಮೇಲೆ ಹೇಳಿದ ಕೊರತೆಯಿಡೀ ಚಹಾದ ಸಕ್ಕರೆಯಲ್ಲೇ ತುಂಬಿಹೋಗುತ್ತದೆ.

ಅಂಟಿನುಂಡಿಯಲ್ಲಿ ಒಣಕೊಬ್ಬರಿ, ಬೆಲ್ಲ, ತುಪ್ಪ, ಉತ್ತತ್ತಿ ಎಲ್ಲವೂ ಇದೆ. ಬಾಣಂತಿಗೆ, ಹೊಲದಲ್ಲಿ ದುಡಿಯುವವರಿಗೆ ಅದು ಒಳ್ಳೆಯ ಆಹಾರ. 50 ಗ್ರಾಮಿನ ಒಂದು ಉಂಡಿ 200 ಕ್ಯಾಲೊರಿ ಮೀರುತ್ತದೆ, ಅದರಲ್ಲಿ ಪ್ರೋಟೀನು ತೀರಾ ಕಡಿಮೆ. ಕಾಲು ಸೂಪಿನ ವಿಷಯವನ್ನೂ ಹಲವರು ಕೇಳುತ್ತಾರೆ. ಕುಡಿಯಲು ಅಡ್ಡಿಯಿಲ್ಲ, ಆದರೆ ಎಲುಬು ಕುದಿಸಿದ ಮಾತ್ರಕ್ಕೆ ಅದರ ಕ್ಯಾಲ್ಸಿಯಂ ಹೆಚ್ಚಾಗಿ ನೀರಿಗೆ ಇಳಿಯುವುದಿಲ್ಲ. ಹಾಲು, ಮೊಸರು, ಎಳ್ಳು, ರಾಗಿ ಇವುಗಳಲ್ಲಿ ಕ್ಯಾಲ್ಸಿಯಂ ನಿಜವಾಗಿ ಇದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿಗಿಂತ ಹೆಚ್ಚಿದೆ.

ಇನ್ನೊಂದು: ನಿಮಗೆ ವಿಟಮಿನ್ ಡಿ 60,000 ಯೂನಿಟ್ ಬರೆದುಕೊಟ್ಟಿದ್ದರೆ, ಅದು ಸಾಮಾನ್ಯವಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ಚೀಟಿಯನ್ನು ಇನ್ನೊಮ್ಮೆ ಓದಿ. ಬೇಗ ಗುಣವಾಗಲಿ ಎಂದು ದಿನಾಲೂ ನುಂಗಿ ವಾಂತಿ, ಸುಸ್ತು ಎಂದು ಬಂದವರನ್ನು ನಾನು ಕಂಡಿದ್ದೇನೆ. ಅತಿಯಾದರೆ ಅದು ಮೂತ್ರಪಿಂಡಕ್ಕೆ ಅಪಾಯ.

ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರ

ಸಕ್ಕರೆ ಕಾಯಿಲೆ ಇರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಹಿಮ್ಮಡಿಯ ಸ್ನಾಯುರಜ್ಜು ಹರಿದು ಮನೆಯಲ್ಲಿದ್ದಾಗ ನಾನು ಉತ್ಸಾಹದಿಂದ ಅನ್ನವನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ, ಮಾತ್ರೆಗಳನ್ನು ಮಾತ್ರ ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದೆ. ಐದನೆಯ ದಿನ ಬೆಳಗಿನ ಜಾವ ಮೈಯೆಲ್ಲ ಬೆವತು, ಕೈ ನಡುಗಿ ಎಚ್ಚರವಾಯಿತು. ಮಗಳು ಪರೀಕ್ಷಿಸಿದಾಗ ಸಕ್ಕರೆ 58 ಇತ್ತು. ನೀರಿನಲ್ಲಿ ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿದರು, ಏರಿತ್ತು. ಕತ್ತಲೆಯಲ್ಲಿ ಎದ್ದು ಊರುಗೋಲು ಹಿಡಿಯಲು ಹೋಗಿದ್ದರೆ ಬಿದ್ದು ಇನ್ನೊಂದು ಮೂಳೆ ಮುರಿದುಕೊಳ್ಳುತ್ತಿದ್ದೆ. ಆದ್ದರಿಂದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ಹೇಳಿ ಪ್ರಮಾಣ ಬದಲಾಯಿಸಿಕೊಳ್ಳಲೇಬೇಕು.

ರಾಜಾಜಿನಗರ ನಿವಾಸಿ

ಫಿಸಿಯೋ ಅವರ ಉತ್ತರ ಓದಿದ ಮೇಲೆ ಒಂದು ವಿಷಯವನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಆರು ಕೆಜಿ ಇಳಿಸಿದ್ದು ನಿಜ. ಅದಾದ ಮೇಲೆ ಮೂರು ತಿಂಗಳು ಒಂದು ಬಕೆಟ್ ನೀರು ಎತ್ತಲೂ ಆಗುತ್ತಿರಲಿಲ್ಲ, ಕೂದಲು ಉದುರಿತು, ವರ್ಷ ಕಳೆಯುವುದರೊಳಗೆ ಎಂಟು ಕೆಜಿ ಮರಳಿ ಬಂತು. ಬೆನ್ನುನೋವಿನಿಂದಲೇ ಸುಸ್ತು ಎಂದುಕೊಂಡಿದ್ದೆ, ಅದರ ಕಾರಣ ಇವತ್ತು ತಿಳಿಯಿತು. ಮಾಸ್ತರೇ, ನನ್ನ ಸಲಹೆಯನ್ನು ಅನುಸರಿಸಬೇಡಿ.

ಗದಗಿನ ಮಾಸ್ತರ

ನೀವೆಲ್ಲರೂ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ನಾನು ಋಣಿಯಾಗಿದ್ದೇನೆ. ಸರಿಯಾಗಿ ಐದು ವಾರಗಳ ನಂತರ ಬರೆಯುತ್ತಿದ್ದೇನೆ.

ತೊಡೆಗಳನ್ನು ಅಳೆದೆ. ಎಡಕ್ಕಿಂತ ಬಲ ತೊಡೆ ನಾಲ್ಕು ಸೆಂಟಿಮೀಟರ್ ಕಡಿಮೆ ಇತ್ತು. ಹೊಟ್ಟೆ ಬೆಳೆಯುತ್ತಿದೆ ಎಂದಷ್ಟೇ ನೋಡುತ್ತಿದ್ದ ನನಗೆ, ಕಾಲು ಸೊರಗುತ್ತಿದೆ ಎಂಬುದು ಅಂಗೈಯಲ್ಲಿ ಹಿಡಿದಷ್ಟು ಸ್ಪಷ್ಟವಾಯಿತು. ಟವೆಲ್ ಒತ್ತುವ ವ್ಯಾಯಾಮದಲ್ಲಿ ಮೊದಲ ಮೂರು ದಿನ ಮೊಣಚಿಪ್ಪು ಕದಲಲೇ ಇಲ್ಲ. ನಾನು ಒತ್ತುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ನಾಲ್ಕನೆಯ ದಿನ ಮಗಳು ತೊಡೆಯ ಮೇಲೆ ಬೆರಳಿಟ್ಟು "ಅಪ್ಪಾ, ಇಲ್ಲಿ ಗಟ್ಟಿಯಾಯ್ತು" ಎಂದಳು. ಆ ದಿನದ ಸಂತೋಷವನ್ನು ಮರೆಯಲಾರೆ.

ಅವ್ವನ ಜೊತೆ ಮಾತನಾಡಿದೆ. ತುಮಕೂರಿನ ತಂಗಿ ಹೇಳಿದಂತೆ, ಬೇಡ ಎನ್ನದೆ, ಮೊಳಕೆ ಬರಿಸಿದ ಮಡಕಿಕಾಳಿನ ಉಸುಳಿ ದಿನಾ ಎರಡು ಹೊತ್ತು ಬೇಕು ಎಂದು ಕೇಳಿದೆ. ಕಾಳು ನೆನೆಹಾಕುವುದು, ಬಟ್ಟೆಯಲ್ಲಿ ಕಟ್ಟುವುದು, ನೀರು ಚಿಮುಕಿಸುವುದು ಎಂದು ಈಗ ಅವಳಿಗೆ ಅದೇ ಕೆಲಸ. ಪಂಚಮಿಯ ದಿನ ಶೇಂಗಾ ಉಂಡಿ ಒಂದು, ಎಳ್ಳುಂಡಿ ಒಂದು ತಿಂದೆ. ಉಳಿದವನ್ನು ನೋಡಲು ಬಂದ ವಿದ್ಯಾರ್ಥಿಗಳಿಗೆ ಅವ್ವನೇ ಹಂಚಿದಳು. ಚಹಾ ಎರಡು ಕಪ್ಪಿಗೆ ಇಳಿದಿದೆ, ಸಕ್ಕರೆ ಅರ್ಧ ಚಮಚ. ಸೋಯಾ ಚಂಕ್ಸ್ ಮಾತ್ರ ನನಗೆ ಹಿಡಿಸಲಿಲ್ಲ, ಅದರ ಬದಲು ಕಡಲೆಹಿಟ್ಟಿನ ಜುಣಕ ಮತ್ತು ಮನೆಯಲ್ಲೇ ಒಡೆಸಿದ ಹಾಲಿನ ಪನೀರ್ ತಿನ್ನುತ್ತಿದ್ದೇನೆ. ವಿಟಮಿನ್ ಡಿ ಚೀಟಿ ನೋಡಿದೆ, ವಾರಕ್ಕೊಮ್ಮೆಯೇ ಇದೆ, ಹಾಗೆಯೇ ತೆಗೆದುಕೊಂಡಿದ್ದೇನೆ.

ನಿನ್ನೆ ಮತ್ತೆ ಕಾಳಿನ ಅಂಗಡಿಗೆ ಹೋಗಿದ್ದೆ. ಅದೇ ಕುರ್ಚಿ, ಅದೇ ಕಾಟಾ, ಬೆಳಿಗ್ಗೆ ತಿಂಡಿಗೆ ಮೊದಲು. 88 ಇದೆ. ಸೊಂಟದ ಅಳತೆ ಎರಡು ಸೆಂಟಿಮೀಟರ್ ಇಳಿದಿದೆ. ವೈದ್ಯರು ಈಗ ಬಲಗಾಲಿನ ಮೇಲೆ 20 ಕೆಜಿಯಷ್ಟು ಭಾರ ಹಾಕಿ ನಡೆಯಲು ಹೇಳಿದ್ದಾರೆ. ಇಲ್ಲಿ ನನಗೊಂದು ಗೊಂದಲ: ನಡೆಯುವಾಗ ಕಾಲಿನ ಮೇಲೆ 20 ಕೆಜಿ ಬಿತ್ತೋ 40 ಬಿತ್ತೋ ಎಂದು ತಿಳಿಯುವುದು ಹೇಗೆ?

ಫಿಸಿಯೋಥೆರಪಿಸ್ಟ್, ಮೈಸೂರು

ಬಹಳ ಸಂತೋಷ ಮಾಸ್ತರೇ. ನಿಮ್ಮ ಪ್ರಶ್ನೆ ಎಲ್ಲ ರೋಗಿಗಳೂ ಕೇಳಬೇಕಾದದ್ದು, ಕೇಳುವವರು ವಿರಳ.

ಮನೆಯಲ್ಲಿ ಬಳಸುವ ಮುಳ್ಳಿನ ತೂಕದ ಯಂತ್ರವೊಂದನ್ನು ತರಿಸಿಕೊಳ್ಳಿ. ಅದರ ಪಕ್ಕದಲ್ಲಿ ಅಷ್ಟೇ ಎತ್ತರದ ಹಲಗೆ ಅಥವಾ ದಪ್ಪ ಪುಸ್ತಕ ಇಡಿ. ವಾಕರನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು, ಎಡಗಾಲನ್ನು ಹಲಗೆಯ ಮೇಲೂ ಬಲಗಾಲನ್ನು ಯಂತ್ರದ ಮೇಲೂ ಇಟ್ಟು ನಿಲ್ಲಿ, ಹಿಂದೆ ಒಬ್ಬರು ಇರಲಿ. ನಿಧಾನವಾಗಿ ಬಲಗಾಲಿಗೆ ಭಾರ ಬಿಡುತ್ತಾ ಬನ್ನಿ, ಮುಳ್ಳು 20ಕ್ಕೆ ಬಂದಾಗ ನಿಲ್ಲಿಸಿ, ಆ ಒತ್ತಡ ಅಂಗಾಲಿಗೆ ಹೇಗನ್ನಿಸುತ್ತದೆ ಎಂದು ಗಮನಿಸಿ. ಆಮೇಲೆ ಕಣ್ಣು ಬೇರೆ ಕಡೆ ಇಟ್ಟು ಅಷ್ಟೇ ಭಾರ ಬಿಡಲು ಪ್ರಯತ್ನಿಸಿ, ಅನಂತರ ಮುಳ್ಳನ್ನು ನೋಡಿ. ದಿನಕ್ಕೆ ಎರಡು ಹೊತ್ತು ಹೀಗೆ ಮಾಡಿದರೆ ಕೆಲವೇ ದಿನಗಳಲ್ಲಿ ಕಾಲಿಗೆ 20 ಕೆಜಿ ಎಂದರೆ ಎಷ್ಟು ಎಂದು ತಿಳಿಯುತ್ತದೆ. ಊರುಗೋಲು ಬಳಸುವಾಗ ಭಾರ ಅಂಗೈಗಳ ಮೇಲೆ ಬೀಳಲಿ, ಕಂಕುಳಿನ ಮೇಲೆ ಬೇಡ, ಅಲ್ಲಿನ ನರಗಳಿಗೆ ಪೆಟ್ಟಾಗುತ್ತದೆ.

ವೈದ್ಯರು ಮೊಣಕಾಲು ಮಡಚಲು ಪೂರ್ತಿ ಅನುಮತಿ ಕೊಟ್ಟ ಮೇಲೆ, ಕುಳಿತು ತುಳಿಯುವ, ಮುಂದೆ ಚಲಿಸದ ವ್ಯಾಯಾಮದ ಸೈಕಲ್ ಒಳ್ಳೆಯದು. ಹತ್ತಿರದಲ್ಲಿ ಈಜುಕೊಳವಿರುವವರಿಗೆ, ಗಾಯ ಪೂರ್ತಿ ಮಾಯ್ದ ಮೇಲೆ ನೀರಿನಲ್ಲಿ ನಡೆಯುವುದು ಅದಕ್ಕಿಂತಲೂ ಹಿತ. ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ತುಮಕೂರಿನ ಗೃಹಿಣಿ

ಅಣ್ಣಾ, ಅಮ್ಮನವರ ಉಸುಳಿಯ ಒಗ್ಗರಣೆಗೆ ಏನು ಹಾಕುತ್ತಾರೆ ಎಂದು ಕೇಳಿ ಬರೆಯಿರಿ. ನಮ್ಮ ಕಡೆ ಮಡಕಿಕಾಳು ಬಳಕೆ ಕಡಿಮೆ, ನಾನೂ ಮಾಡಿ ನೋಡುತ್ತೇನೆ.

ಗದಗಿನ ಮಾಸ್ತರ

ಸಂಕ್ರಾಂತಿಯ ಮರುದಿನ ಬರೆಯುತ್ತಿದ್ದೇನೆ. ಮುಳ್ಳಿನ ಯಂತ್ರದ ಪಾಠ ಎರಡು ವಾರ ನಡೆಯಿತು. ಹಲಗೆಯ ಬದಲಿಗೆ ಹತ್ತನೆಯ ತರಗತಿಯ ಹಳೆಯ ಗಣಿತ ಪುಸ್ತಕಗಳನ್ನು ಒಟ್ಟಿ ಕಟ್ಟಿದ್ದೆವು. ಮೊದಲ ದಿನ 20 ಎಂದುಕೊಂಡು ಬಿಟ್ಟ ಭಾರ 35 ತೋರಿಸಿತು, ಆಗ ಬೆವರು ಬಂತು.

ಈಗ ಕೋಲು ಇಲ್ಲದೆ ನಡೆಯುತ್ತಿದ್ದೇನೆ, ಶಾಲೆಗೆ ಹೋಗುತ್ತಿದ್ದೇನೆ, ಪಾಠದ ನಡುವೆ ಸ್ಟೂಲಿನ ಮೇಲೆ ಕೂರುತ್ತೇನೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಟಾಂಜನ ಹಿಡಿಯಲೇಬೇಕು. ತಮ್ಮ ಹುಬ್ಬಳ್ಳಿಯಿಂದ ಹಳೆಯ ವ್ಯಾಯಾಮದ ಸೈಕಲ್ ತಂದುಕೊಟ್ಟಿದ್ದಾನೆ, ಸಂಜೆ 25 ನಿಮಿಷ ತುಳಿಯುತ್ತೇನೆ. ತೂಕ 83.5 ಆಗಿದೆ, ಅಂದರೆ ಬಿದ್ದ ದಿನಕ್ಕಿಂತ ಅರ್ಧ ಕೆಜಿ ಕಡಿಮೆ. ತೊಡೆಗಳ ವ್ಯತ್ಯಾಸ ನಾಲ್ಕರಿಂದ ಒಂದೂವರೆ ಸೆಂಟಿಮೀಟರಿಗೆ ಬಂದಿದೆ. ನನಗೆ ಈ ಎರಡನೆಯ ಅಂಕಿಯ ಮೇಲೇ ಹೆಚ್ಚು ಪ್ರೀತಿ.

ತಂಗಿ, ತಡವಾಯಿತು, ಕ್ಷಮಿಸು. ಅವ್ವ ಹೇಳಿದ್ದು ಇಷ್ಟು: ಒಂದು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಕರಿಬೇವು, ಅರಿಶಿನ. ಮೊಳಕೆ ಕಾಳನ್ನು ಮೊದಲೇ ಬೇಯಿಸದೆ ಒಗ್ಗರಣೆಗೇ ಹಾಕಿ, ಕೈಯಷ್ಟು ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕಾಳು ಒಡೆಯಬಾರದು. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ. ಉಪ್ಪನ್ನು ಕೊನೆಗೆ ಹಾಕು ಎಂದು ಎರಡು ಸಲ ಹೇಳಿದ್ದಾಳೆ.